ಕಾಯಿಲೆಗೆ ಮಂಗನ ಹೆಸರು, ಹೊಣೆ ಯಾರದು?

ಅಡಿಕೆಗೆ ಕೊಳೆರೋಗ ಬಂದಾಗ ನಮ್ಮಲ್ಲಿ ಯಾರೂ ಮರವನ್ನು ದೂರುವುದಿಲ್ಲ. ಕಣಿಯಲ್ಲಿ ನೀರು ನಿಂತಿತ್ತೇ, ನೆರಳು ಹೆಚ್ಚಾಗಿತ್ತೇ, ಬೋರ್ಡೋ ದ್ರಾವಣ ಮಳೆಗೆ ಮೊದಲೇ ಗೊನೆಗೆ ಬಿದ್ದಿತ್ತೇ, ಪಕ್ಕದ ತೋಟದವರು ಮದ್ದು ಹೊಡೆದಿದ್ದರೇ ಎಂದು ಒಂದೊಂದಾಗಿ ವಿಚಾರಿಸುತ್ತೇವೆ. ಮೈಸೂರು ಸರಕಾರದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ವಿಚಾರವಾಗಿ ಬರೆದ ಕಾಲದಿಂದ ನಾವು ಕಲಿತ ಪಾಠವೇ ಇದು: ಬೂಷ್ಟು ಎಲ್ಲ ಕಡೆಯೂ ಇರುತ್ತದೆ, ಆದರೆ ಅದು ಯಾವ ತೋಟವನ್ನು ಹಾಳುಮಾಡುತ್ತದೆ ಎಂಬುದನ್ನು ನಿರ್ಧರಿಸುವುದು ತೋಟದ ವ್ಯವಸ್ಥೆ.

ಮನುಷ್ಯನಿಗೆ ಕಾಯಿಲೆ ಬಂದಾಗ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ಆಗ ಹಣೆಬರಹ ಎನ್ನುತ್ತೇವೆ, ಅಲಕ್ಷ್ಯ ಎನ್ನುತ್ತೇವೆ, ಹೆಚ್ಚೆಂದರೆ ಒಂದು ಕ್ರಿಮಿಯ ಹೆಸರು ಹೇಳಿ ಸುಮ್ಮನಾಗುತ್ತೇವೆ. ಅದೇ ಕ್ರಿಮಿ ಒಬ್ಬನನ್ನು ಹಿಡಿದು ಇನ್ನೊಬ್ಬನನ್ನು ಏಕೆ ಬಿಟ್ಟಿತು, ಯಾರ ಮೈ ಅದಕ್ಕೆ ಎದುರಾಗುವಂತೆ ಯಾರು ಕಳಿಸಿದರು, ಮಲಗಿದವನ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂಬ ಪ್ರಶ್ನೆಗಳು ವೈದ್ಯರ ಚೀಟಿಯಲ್ಲಿ ಇರುವುದಿಲ್ಲ. ಅವು ಸಮಾಜದ ಪ್ರಶ್ನೆಗಳು. ನಮ್ಮ ಯಡ್ತರೆ, ಬೈಂದೂರು, ಕೊಲ್ಲೂರು, ಜಡ್ಕಲ್, ಹೊಸಂಗಡಿ ಕಡೆಯ ಕೃಷಿಕರಿಗೆ ಈ ವಿಷಯ ಪುಸ್ತಕದ್ದಲ್ಲ. ಘಟ್ಟದ ಮೇಲಿನ ಹೊಸನಗರ, ಸಾಗರ, ತೀರ್ಥಹಳ್ಳಿಗಳಲ್ಲಿ ವರ್ಷ ವರ್ಷವೂ ಕಾಡುವ ಮಂಗನ ಕಾಯಿಲೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಇಲ್ಲಿ ವಿಚಾರ ಮಾಡಲು ಬಯಸುತ್ತೇವೆ.

ಕ್ಯಾಸನೂರಿನಲ್ಲಿ ಕಂಡದ್ದು

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನ ವಿಪರೀತ ಜ್ವರ, ತಲೆನೋವು, ಮೈಕೈ ಮುರಿಯುವ ನೋವಿನಿಂದ ಹಾಸಿಗೆ ಹಿಡಿದರು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಧಾವಿಸಿ ಬಂದರು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಆ ತಂಡದಲ್ಲಿದ್ದರು. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವುದನ್ನು ಕಂಡು, ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಭಯ ಅವರನ್ನು ಕಾಡಿತ್ತು. ಹಾಗಲ್ಲವೆಂದು ಬೇಗನೆ ತಿಳಿಯಿತು. ಸತ್ತ ಮಂಗದಿಂದ ಪ್ರತ್ಯೇಕಿಸಿದ ವೈರಸ್ಸು ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ದಾಯಾದಿ ಎಂದು ಗೊತ್ತಾಯಿತು. ಅದು ಲೋಕಕ್ಕೇ ಹೊಸ ರೋಗ. ಹುಟ್ಟಿದ ಕಾಡಿನ ಹೆಸರೇ ಅದಕ್ಕೆ ಉಳಿಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮಲೆನಾಡಿನ ಒಂದು ಮೂಲೆಯ ಬಡವರ ಜ್ವರಕ್ಕೆ ಅಷ್ಟು ಬೇಗ ಲೋಕದ ಗಮನ ಸಿಕ್ಕಿದ್ದಕ್ಕೆ ಜನರ ಸಂಕಟದ ಜೊತೆಗೆ ಹಳದಿ ಜ್ವರದ ಹೆದರಿಕೆಯೂ ಕಾರಣವಾಗಿತ್ತು. ರೋಗದ ತೂಕವನ್ನು ಅಳೆಯುವ ತಕ್ಕಡಿಯೂ ಸಮಾಜದ ಕೈಯಲ್ಲೇ ಇರುತ್ತದೆ. ಯಾರ ಮೈಗೆ ಬಂದೀತು ಎಂಬುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ.

ಹೆಸರು ಮಾಡಿದ ಮೋಸ

ಮಂಗನ ಕಾಯಿಲೆ ಎಂಬ ಹೆಸರು ಆಡಲು ಸುಲಭ, ತಿಳಿವಳಿಕೆಗೆ ಮಾತ್ರ ಅಡ್ಡಿ. ಮಂಗ ಈ ರೋಗವನ್ನು ತಂದು ನಮಗೆ ಕೊಡುವುದಿಲ್ಲ. ಅದೂ ನಮ್ಮ ಹಾಗೆ ರೋಗಕ್ಕೆ ಬಲಿಯಾಗುವ ಪ್ರಾಣಿ. ಕಪ್ಪು ಮುಸುಡಿನ ಮುಶ್ಯ, ಕೆಂಪು ಮುಸುಡಿನ ಕೋತಿ ಎರಡೂ ಸಾಯುತ್ತವೆ. ರೋಗವನ್ನು ದಾಟಿಸುವುದು ಉಣುಗು, ಅದರಲ್ಲೂ ಎಳ್ಳಿನ ಕಾಳಿಗಿಂತ ಚಿಕ್ಕದಾದ ಮರಿ ಉಣುಗು. ಕಾಡಿನ ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳ ನಡುವೆ ವೈರಸ್ಸು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ. ಆ ಜಾಗದಲ್ಲಿ ಕಾಲಿಟ್ಟವರಿಗೆ ಅಪಾಯ. ಅಂದಮೇಲೆ ಸತ್ತ ಮಂಗ ನಮಗೆ ಎಚ್ಚರಿಕೆಯ ಗಂಟೆ.

ಆದರೆ ಆ ಗಂಟೆ ಎಲ್ಲ ಕಡೆಯೂ ಕೇಳಿಸುವುದಿಲ್ಲ. ಕೆಲವರು ಹನುಮಂತನೆಂದು ಭಕ್ತಿಯಿಂದ ಅದನ್ನು ಕೈಯಾರೆ ಎತ್ತಿ ಮಣ್ಣು ಮಾಡುತ್ತಾರೆ. ಇನ್ನು ಕೆಲವರಿಗೆ ಬೇರೆ ಅಂಜಿಕೆ. ತೋಟಕ್ಕೆ ಮಂಗನ ಹಾವಳಿ ಇದ್ದವರ ಜಾಗದಲ್ಲಿ ಮಂಗ ಸತ್ತರೆ, ಕೊಂದವನು ಇವನೇ ಎಂದು ಅರಣ್ಯ ಇಲಾಖೆ ಪ್ರಶ್ನೆ ಮಾಡೀತು, ಸುಮ್ಮನೆ ತೊಂದರೆ ಏಕೆ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಭಕ್ತಿಯೂ ಭಯವೂ ಸೇರಿ ಸುದ್ದಿಯನ್ನು ಹೂತುಬಿಡುತ್ತವೆ. ಎಂಟು ಹತ್ತು ದಿನ ಕಳೆದ ಮೇಲೆ ಅದೇ ದಾರಿಯಲ್ಲಿ ಸೊಪ್ಪಿಗೆ ಹೋದವರಿಗೆ ಜ್ವರ ಏರುತ್ತದೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ, ಅವುಗಳನ್ನು ಮುಟ್ಟಿ ವಿಲೇವಾರಿ ಮಾಡಿದವರೇ ಕಾಯಿಲೆ ಬಿದ್ದರು. ಆ ಕೆಲಸ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಣುಗಿನ ಕಾಲ, ನಮ್ಮ ಕೊಯ್ಲಿನ ಕಾಲ

ಮರಿ ಉಣುಗಿನ ಕಾಟ ನವೆಂಬರಿನಲ್ಲಿ ಆರಂಭವಾಗಿ, ಜನವರಿಯಿಂದ ಮಾರ್ಚಿಯವರೆಗೆ ಏರಿ, ಮಳೆ ಬೀಳುವ ತನಕ ಇರುತ್ತದೆ. ನಮ್ಮ ಕೃಷಿಯ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಡಿಕೆಯ ಕೊನೆ ಕೊಯ್ಲು ಅದೇ ಕಾಲಕ್ಕೆ. ಘಟ್ಟದ ಮೇಲೆ ಕಾಫಿ ಹಣ್ಣು ಬಿಡಿಸುವುದು ಅದೇ ಕಾಲಕ್ಕೆ. ಹಾಡಿಯಿಂದ ತರಗೆಲೆ ಗುಡಿಸಿ ಹಟ್ಟಿಗೆ, ತೋಟದ ಬುಡಕ್ಕೆ ಹೊರುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು, ಗೇರುಬೀಜ ಹೆಕ್ಕುವುದು ಎಲ್ಲ ಆ ಆರು ತಿಂಗಳೊಳಗೇ. ಕಾಡಿಗೆ ಹೋಗಲೇಬೇಕಾದ ಕಾಲವೂ ಉಣುಗು ಕಾದು ಕೂರುವ ಕಾಲವೂ ಒಂದೇ ಆಗಿರುವುದು ನಮ್ಮ ದುರ್ದೈವ.

ದನಕರುಗಳ ಪಾತ್ರವನ್ನೂ ತಿಳಿಯಬೇಕು. ದನಕ್ಕೆ ಈ ಕಾಯಿಲೆ ತಗಲುವುದಿಲ್ಲ. ಆದರೆ ಬೆಳೆದ ಉಣುಗು ದನದ ರಕ್ತ ಕುಡಿದು ನೆಲಕ್ಕಿಳಿದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕಾಡಿಗೆ ಮೇಯಲು ಬಿಟ್ಟ ದನಗಳು ಹೆಚ್ಚಿದಷ್ಟೂ ಉಣುಗು ಹೆಚ್ಚು. ಕ್ಯಾಸನೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಜಾರ್ಜ್ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿ ಇದನ್ನೇ ಎತ್ತಿ ಹೇಳಿದರು. ಜನಸಂಖ್ಯೆ ಏರಿ, ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿನ ಅಂಚಿನಲ್ಲಿ ದನ ಮೇಯಿಸುವುದು ಬೆಳೆದಾಗ, ಹಿಂದೆ ತನ್ನ ಪಾಡಿಗೆ ತಾನಿದ್ದ ವೈರಸ್ಸು ಮನುಷ್ಯನ ದಾರಿಗೆ ಬಂದಿತು ಎಂಬುದು ಅವರ ವಿಚಾರದ ಸಾರ. ಮುಂದೆ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಕಾಡು ಮತ್ತು ತೋಟ ಒಂದರೊಳಗೊಂದು ಬೆರೆತಿರುವ, ನಾಡ ದನಗಳು ಹೆಚ್ಚಾಗಿರುವ ಪ್ರದೇಶಗಳಲ್ಲೇ ಮನುಷ್ಯರಿಗೆ ಈ ಕಾಯಿಲೆಯ ಸಂಭವ ಹೆಚ್ಚೆಂದು ತೋರಿಸಿತು. ಒಂದು ಕಡೆ ಹಾಡಿ, ಒಂದು ಕಡೆ ತೋಟ, ನಡುವೆ ಹಟ್ಟಿ: ಇದು ನಮ್ಮ ಊರಿನ ಚಿತ್ರವಲ್ಲದೆ ಮತ್ತೇನು?

ಇದನ್ನು ಓದಿ ದನ ಸಾಕುವವನೇ ತಪ್ಪಿತಸ್ಥ ಎಂದು ಯಾರೂ ತೀರ್ಮಾನಿಸಬಾರದು. ಕುಮ್ಕಿಯ ಸೊಪ್ಪು, ಹಾಡಿಯ ತರಗೆಲೆ, ಹಟ್ಟಿಗೊಬ್ಬರ ಇಲ್ಲದೆ ನಮ್ಮ ಹಿರಿಯರ ತೋಟ ನಿಲ್ಲುತ್ತಿರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆ ಮುಳುಗಿದಾಗ, ಗದ್ದೆ ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಕಾಡಿನ ಅಂಚಿಗೆ ಹೋಗಿ ಹೊಸದಾಗಿ ಬದುಕು ಕಟ್ಟಬೇಕಾಯಿತು. ನಾಡಿಗೆಲ್ಲ ವಿದ್ಯುತ್ತು ಹರಿಯಿತು. ಕಾಡಂಚಿನ ಬದುಕಿನ ಅಪಾಯ ಮಾತ್ರ ಅಲ್ಲಿ ಉಳಿದವರ ಪಾಲಾಯಿತು.

ಬೆಳ್ತಂಗಡಿಯ 1983

ಆಗ ನಮ್ಮದೂ ದಕ್ಷಿಣ ಕನ್ನಡ ಜಿಲ್ಲೆಯೇ. ಉಡುಪಿ ಬೇರೆಯಾದದ್ದು 1997ರಲ್ಲಿ. ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡುತೋಪಿಗಾಗಿ ದೊಡ್ಡ ಕಾಡನ್ನು ಕಡಿದರು. ಕಡಿಯಲು ಹೋದವರು ಕೂಲಿಗಳು. 1982ರ ಕೊನೆಯಿಂದ 1983ರ ಬೇಸಿಗೆಯವರೆಗೆ ಆ ಭಾಗದಲ್ಲಿ ಹಬ್ಬಿದ ಮಂಗನ ಕಾಯಿಲೆ ಅದುವರೆಗೆ ಕಂಡವುಗಳಲ್ಲಿ ತೀರ ದೊಡ್ಡದು. ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಅನೇಕರು ತೀರಿಕೊಂಡರು.

ನಮ್ಮ ಜಿಲ್ಲೆಯಲ್ಲಿ ವರ್ಷಗಳ ಕಾಲ ಇದ್ದು ಜನರ ಆರೋಗ್ಯ ಪದ್ಧತಿಗಳನ್ನು ಅಭ್ಯಾಸ ಮಾಡಿದ ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಈ ಪ್ರಸಂಗವನ್ನು ಕುರಿತು 1987ರಲ್ಲಿ ಲೇಖನ ಪ್ರಕಟಿಸಿದರು. ಅದರಲ್ಲಿ ಅವರು ಇದನ್ನು ಅಭಿವೃದ್ಧಿಯ ಕಾಯಿಲೆ ಎಂದು ಕರೆದರು. ಕಾಡು ಕಡಿದದ್ದರಿಂದ ದೈವಗಳ ನೆಲೆ ಕೆಟ್ಟಿತು, ಅವುಗಳ ಕೋಪವೇ ಈ ಜ್ವರ ಎಂದು ಜನ ನಂಬಿದ್ದನ್ನೂ ಅವರು ದಾಖಲಿಸಿದ್ದಾರೆ. ಓದಿದವರು ಇದನ್ನು ಮೂಢನಂಬಿಕೆ ಎಂದು ನಕ್ಕುಬಿಡಬಹುದು. ಆದರೆ ನಂಬಿಕೆಯ ಸಿಪ್ಪೆ ಸುಲಿದು ಒಳಗಿನ ತಿರುಳು ನೋಡಿ: ಕಾಡಿನ ಮೇಲೆ ಕೈ ಮಾಡಿದ್ದಕ್ಕೂ ಜ್ವರಕ್ಕೂ ಸಂಬಂಧವಿದೆ ಎಂದು ಆ ಜನ ಹೇಳಿದರು. ಬೋಶೆಲ್ ಹೇಳಿದ್ದೂ ಬಹುಮಟ್ಟಿಗೆ ಅದನ್ನೇ. ವ್ಯತ್ಯಾಸವೆಂದರೆ ಒಬ್ಬರು ಉಣುಗನ್ನು ಕಂಡರು, ಇನ್ನೊಬ್ಬರು ದೈವವನ್ನು ಕಂಡರು. ಕಾಡು ಕಡಿಯುವ ತೀರ್ಮಾನ ಮಾಡಿದವರು ಯಾರು, ಜ್ವರ ಬಂದದ್ದು ಯಾರಿಗೆ ಎಂಬ ಪ್ರಶ್ನೆಯಂತೂ ಎರಡು ಕಡೆಯೂ ಒಂದೇ.

ಕಾಡಿಗೆ ಹೋಗುವ ಮೈ ಯಾರದು?

ಉಣುಗಿಗೆ ಜಾತಿಯಿಲ್ಲ, ಅಂತಸ್ತಿಲ್ಲ ಎಂಬ ಮಾತುಂಟು. ಮಾತು ನಿಜ, ಆದರೆ ಅರ್ಧ ನಿಜ. ಉಣುಗಿಗೆ ಇಲ್ಲದಿರಬಹುದು, ಉಣುಗಿರುವ ಜಾಗಕ್ಕೆ ದಿನಾ ಹೋಗುವ ಕೆಲಸಕ್ಕೆ ಇದೆ. ತೋಟದ ಯಜಮಾನ ಹೆಚ್ಚಾಗಿ ಅಂಗಳದಲ್ಲಿ, ಅಟ್ಟದಲ್ಲಿ, ಮಂಡಿಯಲ್ಲಿ ಇರುತ್ತಾನೆ. ತರಗೆಲೆಯ ಹೆಡಿಗೆ ತಲೆಯ ಮೇಲೆ ಬರುವುದು ಬೇರೆಯವರದು. 2015ರಲ್ಲಿ ವಯನಾಡಿನಲ್ಲಿ ಕಾಯಿಲೆ ಹಬ್ಬಿದಾಗ ಹೆಚ್ಚಾಗಿ ನರಳಿದವರು ಆದಿವಾಸಿಗಳು. ಅದೇ ಸುಮಾರಿಗೆ ಗೋವೆಯ ಸತ್ತರಿ ತಾಲೂಕಿನಲ್ಲಿ ಕಾಣಿಸಿಕೊಂಡಾಗ ಗೇರುತೋಪುಗಳಲ್ಲಿ ಬೀಜ ಹೆಕ್ಕುವವರಿಗೆ ತಗಲಿತು. ಇನ್ನು ನಮ್ಮಲ್ಲಿ ಒಂದು ಎಕರೆ, ಎರಡು ಎಕರೆಯ ಸಣ್ಣ ಹಿಡುವಳಿದಾರರು ತಮ್ಮ ಕೆಲಸ ತಾವೇ ಮಾಡುವವರು. ಅವರೂ ಈ ಸಾಲಿನಲ್ಲಿಯೇ ನಿಂತಿದ್ದಾರೆ. ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಅವರೇ ಆದ್ದರಿಂದ ಇದು ಇನ್ನೊಬ್ಬರ ಮನೆಯ ಮಾತಲ್ಲ.

ಹೆಂಗಸರ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ತರಗೆಲೆ, ಸೌದೆ, ಸೊಪ್ಪು ತರುವುದು ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೆಲಸ. ಕೂಲಿಗೆ ಹೋದಾಗಲೂ ಗುಡಿಸುವ, ಹೊರುವ, ಹೆಕ್ಕುವ ಕೆಲಸ ಅವರದೇ. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಬರಿಗಾಲಿನಲ್ಲಿ, ನೆಲಕ್ಕೆ ಬಗ್ಗಿ ಮಾಡುವ ಕೆಲಸಗಳಿವು. ಉಣುಗು ಕಾಲಿನಿಂದ ಏರಿ ಕಚ್ಚಲು ಹುಡುಕುವುದು ಮೈಯ ಮೆತ್ತನೆಯ, ಮರೆಯ ಜಾಗಗಳನ್ನು: ಮೊಣಕಾಲ ಹಿಂಬದಿ, ತೊಡೆಯ ಸಂದು, ಸೊಂಟದ ಪಟ್ಟಿಯ ಅಡಿ, ಕಂಕುಳು, ಎದೆಯ ಕೆಳಭಾಗ. ಕೆಲಸ ಮುಗಿದ ಕೂಡಲೇ ಮೈಯನ್ನು ಪೂರ್ತಿ ನೋಡಿಕೊಂಡು, ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಮೀಯಬೇಕು ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಸಲಹೆ ಬಹಳ ಒಳ್ಳೆಯದು. ಆದರೆ ಗಂಡಸು ಅಂಗಿ ಕಳಚಿ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಳ್ಳಬಲ್ಲ. ಹೆಂಗಸು ಎಲ್ಲಿ ಹೋಗಬೇಕು? ತೋಟದಲ್ಲಿ ಅವಳಿಗೆ ಮರೆಯಾದ ಒಂದು ಜಾಗವಿಲ್ಲ. ಮನೆ ಸೇರಿದ ಮೇಲೂ ಮೊದಲು ಒಲೆ, ಆಮೇಲೆ ದನ, ಆಮೇಲೆ ಮಕ್ಕಳು, ಎಲ್ಲರ ಸ್ನಾನ ಮುಗಿದ ಮೇಲೆ ಹಂಡೆಯಲ್ಲಿ ನೀರು ಉಳಿದರೆ ಅವಳ ಸ್ನಾನ. ಅಷ್ಟು ಹೊತ್ತು ಉಣುಗು ಕಚ್ಚಿಕೊಂಡೇ ಇರುತ್ತದೆ.

ಕಚ್ಚಿದ ಜಾಗ ಮರೆಯದಾದ್ದರಿಂದ ಅವಳು ಇನ್ನೊಬ್ಬರಿಗೆ ತೋರಿಸುವುದಿಲ್ಲ. ಗಂಡು ವೈದ್ಯರಿದ್ದರೆ ಹೇಳುವುದೂ ಇಲ್ಲ. ಜ್ವರ ಬಂದರೂ ಎರಡು ದಿನ ಎದ್ದು ಕೆಲಸ ಮಾಡಿ, ಮೂರನೆಯ ದಿನ ಬಿದ್ದಾಗ ಮನೆಯವರಿಗೆ ತಿಳಿಯುತ್ತದೆ. ಇದರಲ್ಲಿ ವೈರಸ್ಸಿನ ಪಾತ್ರ ಎಷ್ಟು, ನಾಚಿಕೆಯ ಪಾತ್ರ ಎಷ್ಟು, ಮನೆಯ ಸ್ನಾನದ ಸರದಿಯ ಪಾತ್ರ ಎಷ್ಟು? ಹೆಣ್ಣಿನ ಮೈಯ ವಿಚಾರ ಆಡಬಾರದ ಮಾತು ಎಂದು ನಾವು ಮಾಡಿಕೊಂಡ ಕಟ್ಟು ಇಂಥ ಕಡೆಯಲ್ಲಿ ಪ್ರಾಣಕ್ಕೇ ಎರವಾಗುತ್ತದೆ. ಮನೆಯ ಹಿರಿಯರು, ಅದರಲ್ಲೂ ಅತ್ತೆಯಂದಿರು, ಈ ಕಟ್ಟನ್ನು ಸ್ವಲ್ಪ ಸಡಿಲಿಸಬೇಕು. ತಾಯಿ ಮಗಳ, ಅತ್ತೆ ಸೊಸೆಯ ಮೈ ನೋಡಿ ಉಣುಗು ತೆಗೆಯುವುದು ತಲೆಯ ಹೇನು ನೋಡಿದಷ್ಟೇ ಸಹಜವಾಗಬೇಕು. ಮೈಯೆಲ್ಲ ಕಣ್ಣಾಗಿರಬೇಕು ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬಹುದು.

ಜ್ವರದ ಖರ್ಚು ಯಾರ ಲೆಕ್ಕಕ್ಕೆ?

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಇದ್ದಕ್ಕಿದ್ದಂತೆ ಏರುತ್ತದೆ. ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ಅಸಾಧ್ಯ ನೋವು, ವಾಂತಿ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಗುಣವಾಗುತ್ತದೆ. ಕೆಲವರಿಗೆ ಜ್ವರ ಬಿಟ್ಟಂತೆ ಆಗಿ, ಮತ್ತೆ ಮರಳಿ ಬಂದು ಮೆದುಳಿಗೆ ತಟ್ಟುತ್ತದೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೆಂದೇ ನಿರ್ದಿಷ್ಟ ಔಷಧ ಇಲ್ಲ. ದ್ರವಾಂಶ, ರಕ್ತಸ್ರಾವದ ಮೇಲೆ ನಿಗಾ, ವಿಶ್ರಾಂತಿ, ಆರೈಕೆ ಇವೇ ಚಿಕಿತ್ಸೆ. ಗುಣವಾದವರಿಗೂ ಮೊದಲಿನ ಬಲ ಬರಲು ವಾರಗಳೇ ಬೇಕು.

ವಿಶ್ರಾಂತಿಯೇ ಮದ್ದು ಎಂದಾಗ ಆ ಮದ್ದನ್ನು ಕೊಳ್ಳುವ ಶಕ್ತಿ ಯಾರಿಗಿದೆ ಎಂಬ ಪ್ರಶ್ನೆ ಬರುತ್ತದೆ. ಸಂಬಳದ ನೌಕರನಿಗೆ ರಜೆಯುಂಟು. ಕಾರ್ಖಾನೆಯ ಕಾರ್ಮಿಕನಿಗೆ ವಿಮೆಯುಂಟು. 1951ರ ತೋಟ ಕಾರ್ಮಿಕರ ಕಾಯಿದೆ ಕಾಫಿ, ಚಹಾ, ರಬ್ಬರು, ಏಲಕ್ಕಿಯ ದೊಡ್ಡ ತೋಟಗಳ ಮಾಲೀಕರ ಮೇಲೆ ಕಾರ್ಮಿಕರ ವೈದ್ಯಕೀಯ ಸೌಕರ್ಯದ ಹೊಣೆ ಹೊರಿಸಿತು. ಆ ಕಾಯಿದೆ ಹೆಸರಿಸಿದ ಬೆಳೆಗಳಲ್ಲಿ ಅಡಿಕೆ ಇರಲಿಲ್ಲ. ಸಣ್ಣ ಕಾಫಿ ತೋಟಗಳೂ ಅದರ ಅಳತೆಯಿಂದ ಹೊರಗೆ ಉಳಿದವು. ಹೀಗೆ ನಮ್ಮ ತೋಟಗಳಲ್ಲಿ ದುಡಿಯುವ ಆಳುಮಕ್ಕಳ ಜ್ವರ ಕಾಯಿದೆಯ ಕಣ್ಣಿಗೆ ಬೀಳದೆ, ಮಾಲೀಕನ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಯಿತು. ಒಳ್ಳೆಯತನ ಇರುವ ಮನೆಗಳು ನಮ್ಮಲ್ಲಿ ಬಹಳ ಇವೆ. ಆದರೆ ಒಬ್ಬನ ಬದುಕು ಇನ್ನೊಬ್ಬನ ಒಳ್ಳೆಯತನವನ್ನೇ ನಂಬಿ ನಿಲ್ಲಬಾರದು ಎಂಬುದೇ ಸಹಕಾರದ ಮೊದಲ ಪಾಠ.

ಕೂಲಿ ನಿಂತರೆ ಒಲೆ ನಿಲ್ಲುತ್ತದೆ ಎಂಬ ಭಯದಿಂದ ಕೆಲಸದವನು ಜ್ವರವನ್ನು ಮುಚ್ಚಿಡುತ್ತಾನೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮತ್ತೆ ತೋಟಕ್ಕೆ ಬರುತ್ತಾನೆ. ಆಸ್ಪಿರಿನ್‌ನಂಥ ಕೆಲವು ಮಾತ್ರೆಗಳು ರಕ್ತಸ್ರಾವದ ಕಾಯಿಲೆಯಲ್ಲಿ ಅಪಾಯವನ್ನೇ ಹೆಚ್ಚಿಸುತ್ತವೆ. ಇದು ಅವನ ಅಜ್ಞಾನ ಎಂದು ನಾವು ಹೇಳುತ್ತೇವೆ. ಅವನ ಲೆಕ್ಕ ಕೇಳಿದರೆ ಅದು ಅಜ್ಞಾನವಲ್ಲ, ಬೇರೆ ದಾರಿ ಇಲ್ಲದವನ ಲೆಕ್ಕಾಚಾರ ಎಂದು ತಿಳಿದೀತು.

ಲಸಿಕೆ ಕಲಿಸಿದ ಪಾಠ

ಮಂಗನ ಕಾಯಿಲೆಗೆ ಲಸಿಕೆ ಇತ್ತು. 1990ರ ದಶಕದಿಂದ ಕಾಯಿಲೆ ಇರುವ ಹಳ್ಳಿಗಳಲ್ಲಿ ಕೊಡುತ್ತ ಬಂದರು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಮೂರನೆಯದು, ಬಳಿಕ ವರ್ಷ ವರ್ಷವೂ ಒಂದು. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಕೂಲಿ ಬಿಟ್ಟು ಬರಬೇಕು, ಮರುದಿನ ಕೈ ಎತ್ತಲಾಗದು, ಮತ್ತೆ ಮತ್ತೆ ಬರಬೇಕು. ಅನೇಕರು ಮೊದಲನೆಯದಕ್ಕೇ ನಿಲ್ಲಿಸಿದರು. ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನದ ಪ್ರಕಾರ ಎರಡು ಚುಚ್ಚುಮದ್ದಿನಿಂದ ನೂರಕ್ಕೆ 62ರಷ್ಟು, ಮೇಲಿನ ವರ್ಧಕವನ್ನೂ ಪಡೆದವರಿಗೆ ನೂರಕ್ಕೆ 83ರಷ್ಟು ರಕ್ಷಣೆ ದೊರೆಯುತ್ತಿತ್ತು. ಮುಂದೆ ಲಸಿಕೆಯ ಕಸುವು ಸಾಲದೆಂದು ಕಂಡು 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯೊಂದಿಗೆ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿದೆ.

ಇದೇ ವೈರಸ್ಸಿನ ದಾಯಾದಿ ಯೂರೋಪಿನಲ್ಲಿಯೂ ಇದೆ ಎಂದು ಆಗಲೇ ಹೇಳಿದೆವಲ್ಲವೆ? ಆಸ್ಟ್ರಿಯ ದೇಶದಲ್ಲಿ ಉಣುಗಿನ ಮೆದುಳು ಜ್ವರಕ್ಕೆ 1976ರಲ್ಲಿ ಲಸಿಕೆ ಬಂತು, 1981ರಲ್ಲಿ ದೇಶವ್ಯಾಪಿ ಪ್ರಚಾರ ಆರಂಭವಾಯಿತು, ಮುಂದೆ ಜನಸಂಖ್ಯೆಯ ಬಹುಪಾಲು ಅದನ್ನು ಹಾಕಿಸಿಕೊಂಡು ಕಾಯಿಲೆ ಬಹುಮಟ್ಟಿಗೆ ಇಳಿಯಿತು. ಅಲ್ಲಿನ ಕಾಡಿಗೆ ರೈತ, ಕೂಲಿಯ ಜೊತೆಗೆ ಪೇಟೆಯ ಜನವೂ ವಿಹಾರಕ್ಕೆ ಹೋಗುತ್ತಾರೆ. ಬೇಡಿಕೆ ಇತ್ತು, ಹಣ ಇತ್ತು, ಕೂಗು ಕೇಳಿಸುವಂತಿತ್ತು. ನಮ್ಮ ಕಾಡಿಗೆ ಹೋಗುವವರ ಕೂಗು ಘಟ್ಟದಾಚೆ ಕೇಳುವುದೇ ಕಷ್ಟ. ಹೀಗಾಗಿ 1957ರಲ್ಲಿ ಕಂಡ ರೋಗಕ್ಕೆ ಅರುವತ್ತು ವರ್ಷ ಮೀರಿದ ಮೇಲೂ ಗಟ್ಟಿಯಾದ ಲಸಿಕೆ ಕೈಗೆ ಬಂದಿಲ್ಲ. ವಿಜ್ಞಾನಕ್ಕೆ ಆಗದ ಕೆಲಸ ಇದಲ್ಲ ಎಂಬುದಕ್ಕೆ ಆಸ್ಟ್ರಿಯವೇ ಸಾಕ್ಷಿ.

2018ರ ಡಿಸೆಂಬರಿನಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮಂಗಗಳು ಸಾಯತೊಡಗಿ, 2019ರ ಆರಂಭದಲ್ಲಿ ಜನ ಸತ್ತಾಗ ಎಷ್ಟೋ ರೋಗಿಗಳು ಘಟ್ಟ ಇಳಿದು ಮಣಿಪಾಲದ ಆಸ್ಪತ್ರೆಗೆ ಬಂದರು. ನಮ್ಮ ಜಿಲ್ಲೆಯ ಕಾಡಂಚಿನಲ್ಲೂ ಆ ದಿನಗಳಲ್ಲಿ ಸತ್ತ ಮಂಗಗಳು ಸಿಕ್ಕಿ ಎಚ್ಚರಿಕೆ ಹೊರಟಿತ್ತು. 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರ ಮತ್ತು ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲೂ ಕಾಯಿಲೆ ಕಾಣಿಸಿತು. ಘಟ್ಟ ನಮಗೂ ಕಾಯಿಲೆಗೂ ನಡುವಿನ ಗೋಡೆಯಲ್ಲ. ನಾಗೋಡಿ, ಬಾಳೆಬರೆಯ ದಾರಿಗಳಲ್ಲಿ ಜನ, ದನ, ಸೊಪ್ಪು ಎಲ್ಲವೂ ಓಡಾಡುತ್ತವೆ.

ನಮ್ಮ ಕೈಯಲ್ಲಿರುವ ಕೆಲಸ

ಸರಕಾರ ಮಾಡಬೇಕಾದದ್ದನ್ನು ಸರಕಾರವೇ ಮಾಡಬೇಕು, ಕೇಳುತ್ತಲೇ ಇರೋಣ. ಅಲ್ಲಿಯತನಕ ನಾವೇ ಮಾಡಬಹುದಾದ ಕೆಲವು ಕೆಲಸಗಳನ್ನು ಸದಸ್ಯರ ಗಮನಕ್ಕೆ ತರುತ್ತೇವೆ.

1. ನವೆಂಬರಿನಿಂದ ಮೇ ತನಕ ಕಾಡಿನ ತರಗೆಲೆಯನ್ನು ಆದಷ್ಟು ತರದಿರುವುದು ಲೇಸು. ಹಟ್ಟಿಗೆ ಹಾಸಲು ತೋಟದ್ದೇ ಸೋಗೆಯನ್ನು ಕೊಚ್ಚಿ ಬಳಸಬಹುದು. ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ ಕೊಳೆಸಿದರೆ ಒಳ್ಳೆಯ ಗೊಬ್ಬರ. ಇದರಿಂದ ಹೊರೆ ಹೊರುವ ಕೂಲಿಯೂ ಉಳಿಯುತ್ತದೆ.

2. ಮಂಗ ಸತ್ತದ್ದು ಕಂಡರೆ ಮುಟ್ಟಬಾರದು, ಹೂಳಬಾರದು, ಮುಚ್ಚಿಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮತ್ತು ಸ್ಥಳೀಯ ಆಡಳಿತದ ಕಚೇರಿಗೆ ತಿಳಿಸಿ. ಅರಣ್ಯ ಇಲಾಖೆಯ ಪ್ರಶ್ನೆಗಳಿಗೆ ಅಂಜುವವರು ಸಂಘದ ಕಚೇರಿಗೆ ಹೇಳಿದರೆ ಸಂಘದ ಹೆಸರಿನಲ್ಲೇ ಸುದ್ದಿ ಮುಟ್ಟಿಸುತ್ತೇವೆ.

3. ಕಾಡು, ಹಾಡಿ, ತೋಟದ ಅಂಚಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಉಣುಗು ನಿರೋಧಕ ತೈಲ ಹಚ್ಚಿಕೊಳ್ಳಬೇಕು. ಆಳುಗಳಿಗೆ ಕತ್ತಿ, ಹೆಡಿಗೆ ಕೊಟ್ಟಂತೆಯೇ ಕಾಲಿಗೆ ಉದ್ದದ ಗವುಸನ್ನೂ ತೈಲವನ್ನೂ ಕೊಡುವುದು ಮಾಲೀಕನ ಕರ್ತವ್ಯವೆಂದು ನಮ್ಮ ಅಭಿಪ್ರಾಯ.

4. ಕೆಲಸಕ್ಕೆ ಹೆಂಗಸರು ಬರುವ ಪ್ರತಿ ತೋಟದಲ್ಲಿ ಸೋಗೆಯದ್ದೋ ತಗಡಿನದ್ದೋ ಒಂದು ಮರೆ ಕಟ್ಟಿ, ಸಂಜೆ ಒಂದು ಹಂಡೆ ಬಿಸಿನೀರು, ಒಂದು ಸಾಬೂನು ಇಡಿ. ಅಡಿಕೆ ಬೇಯಿಸುವ ಒಲೆ ಇರುವಲ್ಲಿ ನೀರು ಕಾಯಿಸುವುದು ದೊಡ್ಡ ಖರ್ಚೇನಲ್ಲ. ಕೆಲಸ ಕಾಲು ಗಂಟೆ ಮೊದಲೇ ಬಿಡಿ.

5. ದನದ ಉಣುಗಿಗೆ ಪಶುವೈದ್ಯರನ್ನು ಕೇಳಿ ಮದ್ದು ಹಾಕಿಸಿ. ಊರಿನವರೆಲ್ಲ ಒಂದೇ ವಾರದಲ್ಲಿ ಹಾಕಿಸಿದರೆ ಫಲ ಹೆಚ್ಚು. ಕೊಳೆರೋಗಕ್ಕೆ ಮದ್ದು ಹೊಡೆದಂತೆಯೇ ಇದೂ ನೆರೆಹೊರೆ ಸೇರಿ ಮಾಡುವ ಕೆಲಸ.

6. ಕಾಡಿನ ಸಂಪರ್ಕ ಇದ್ದವರಿಗೆ ಜ್ವರ ಬಂದರೆ ಕಾಯದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಜ್ವರ ಬಿಟ್ಟ ಮೇಲೂ ಕೆಲವು ವಾರ ನಿಗಾ ಇರಲಿ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ರೋಗಿಯ ಮನೆಗೆ ಹೋಗಲು, ಗಂಜಿ ಕೊಡಲು ಯಾರೂ ಹಿಂಜರಿಯಬೇಕಾಗಿಲ್ಲ.

7. ಕೊನೆಯದಾಗಿ, ಬರುವ ಮಹಾಸಭೆಯಲ್ಲಿ ಚರ್ಚಿಸಲು ಒಂದು ಸಲಹೆ. ಸಂಘಕ್ಕೆ ಹಾಕುವ ಅಡಿಕೆ ಮತ್ತು ಕ��ಫಿಯ ಪ್ರತಿ ಕ್ವಿಂಟಾಲಿಗೆ ಹತ್ತು ರೂಪಾಯಿಯಂತೆ ತೆಗೆದಿಟ್ಟು ಜ್ವರದ ನಿಧಿಯೊಂದನ್ನು ಮಾಡೋಣ. ಸದಸ್ಯನಿಗಾಗಲಿ, ಅವನ ತೋಟದ ಆಳಿಗಾಗಲಿ ಈ ಕಾಯಿಲೆ ಖಚಿತವಾದರೆ ಮೂರು ವಾರದ ಅರ್ಧ ಕೂಲಿ ಮತ್ತು ಮಣಿಪಾಲಕ್ಕೆ ಹೋಗುವ ವಾಹನದ ಖರ್ಚು ಆ ನಿಧಿಯಿಂದ ಹೋಗಲಿ.

ಧಾರಣೆ ಏರಿಳಿಯುವ ಈ ಕಾಲದಲ್ಲಿ ಹತ್ತು ರೂಪಾಯಿಯೂ ಭಾರ ಎನ್ನುವ ಸದಸ್ಯರು ಇದ್ದಾರೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಕೊನೆಗಾರರು ಸಿಗುವುದೇ ಅಪರೂಪವಾಗಿರುವಾಗ ಒಬ್ಬ ಕೊನೆಗಾರ ಜನವರಿಯಲ್ಲಿ ಮಲಗಿದರೆ ಎಷ್ಟು ಮರದ ಅಡಿಕೆ ಉದುರಿ ಹಾಳಾಗುತ್ತದೆ ಎಂದು ಅವರೇ ಲೆಕ್ಕ ಹಾಕಲಿ. ಲೆಕ್ಕ ಹಾಕದೆಯೂ ಕೊಡಬೇಕಾದ ಹಣವಿದು ಎಂದು ನಮ್ಮ ಭಾವನೆ. ಏಕೆಂದರೆ ಕಾಯಿಲೆಗೆ ಒಳಗಾದ ಮೈ ನಮ್ಮ ತೋಟಕ್ಕೆ ಸೊಪ್ಪು ತರಲು ಹೋಗಿತ್ತು.

ಉಣುಗನ್ನು ಕಾಡಿನಿಂದ ಪೂರ್ತಿ ಇಲ್ಲವಾಗಿಸುವುದು ಯಾರ ಕೈಯಲ್ಲೂ ಇಲ್ಲ. ಕಾಡಿಗೆ ಯಾರು ಹೋಗಬೇಕು, ಯಾವ ಬಟ್ಟೆಯಲ್ಲಿ ಹೋಗಬೇಕು, ಬಂದ ಮೇಲೆ ಎಲ್ಲಿ ಮೀಯಬೇಕು, ಮಲಗಿದರೆ ಅವರ ಮನೆ ಹೇಗೆ ನಡೆಯಬೇಕು ಎಂಬ ನಾಲ್ಕು ವಿಷಯಗಳು ಮಾತ್ರ ಸಂಪೂರ್ಣ ನಮ್ಮ ಕೈಯಲ್ಲಿವೆ. ಮುಂದಿನ ನವೆಂಬರಿಗೆ ಮೊದಲು ಇವುಗಳಿಗೆ ಉತ್ತರ ಕಂಡುಕೊಳ್ಳೋಣ. ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಮಹಾಸಭೆಗೆ ಮೊದಲೇ ಬರೆದು ಕಳಿಸಬೇಕಾಗಿ ಕೋರುತ್ತೇವೆ. ಮನೆಯ ಹೆಂಗಸರ, ತೋಟದ ಆಳುಗಳ ಅಭಿಪ್ರಾಯವನ್ನೂ ಕೇಳಿ ಬರೆದರೆ ಇನ್ನೂ ಉಪಕಾರ.